ಕೇಸ್ ಶೀಟಿನ ಪಕ್ಕದಲ್ಲಿ ನಿಂತ ಫಾರ್ಮಾಸಿಸ್ಟ್

74 ವರ್ಷದ, 40 ಕಿಲೋ ತೂಕದ ಹೆಣ್ಣುಮಗಳೊಬ್ಬರು ಮೂತ್ರದ ಸೋಂಕಿನಿಂದ ಜ್ವರ ಬಂದು ವಾರ್ಡಿಗೆ ದಾಖಲಾಗಿದ್ದಾರೆ ಎಂದು ಭಾವಿಸೋಣ. ಹುನಗುಂದ, ಬಾದಾಮಿ, ಬೀಳಗಿ ಕಡೆಯಿಂದ ಬಾಗಲಕೋಟೆಯ ಆಸ್ಪತ್ರೆಗಳಿಗೆ ಬರುವ ವಯಸ್ಸಾದ ಹೆಣ್ಣುಮಕ್ಕಳಲ್ಲಿ ಇಷ್ಟು ಕಡಿಮೆ ತೂಕ ಅಪರೂಪವೇನಲ್ಲ. ಸ್ನಾಯುಗಳಲ್ಲಿ ಹುಟ್ಟಿ ಮೂತ್ರಪಿಂಡದ ಮೂಲಕ ಹೊರಹೋಗುವ ಕಲ್ಮಶವಾದ ಕ್ರಿಯಾಟಿನಿನ್ ರಕ್ತದಲ್ಲಿ 1.2 ಎಂದು ವರದಿ ಬಂದಿದೆ. ಪಕ್ಕದಲ್ಲಿ ಹೆಚ್ಚೆಂದು ಸೂಚಿಸುವ ಗುರುತಿಲ್ಲ. ರಾತ್ರಿ ಪಾಳಿಯ ವೈದ್ಯರು ಅದನ್ನು ನೋಡಿ, ಮೂತ್ರಪಿಂಡ ಸರಿಯಿದೆ ಎಂದುಕೊಂಡು, ವಯಸ್ಕರಿಗೆ ರೂಢಿಯಲ್ಲಿ ಬರೆಯುವಂತೆ ಅಮಿಕಾಸಿನ್ ಎಂಬ ಆಂಟಿಬಯೋಟಿಕ್ 500 ಮಿ.ಗ್ರಾಂ ಮುಂಜಾನೆ ಸಂಜೆ ಎಂದು ಚಾರ್ಟಿನಲ್ಲಿ ಬರೆಯುತ್ತಾರೆ. 1976ರಲ್ಲಿ ಪ್ರಕಟವಾದ ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಅವರ ಸೂತ್ರವನ್ನು ಇಲ್ಲಿಗೆ ಅನ್ವಯಿಸಿದರೆ, ಅಂದರೆ 140ರಿಂದ ವಯಸ್ಸನ್ನು ಕಳೆದು, ಉಳಿದುದನ್ನು ತೂಕದಿಂದ ಗುಣಿಸಿ, ಕ್ರಿಯಾಟಿನಿನ್ನಿನ 72 ಪಟ್ಟಿನಿಂದ ಭಾಗಿಸಿ, ಹೆಂಗಸರಿಗೆಂದು ಮತ್ತೆ 0.85ರಿಂದ ಗುಣಿಸಿದರೆ, ಮೂತ್ರಪಿಂಡ ರಕ್ತವನ್ನು ಶುದ್ಧ ಮಾಡುವ ವೇಗ, ಅಂದರೆ ಕ್ಲಿಯರೆನ್ಸ್, ಸಿಗುತ್ತದೆ: ಇಲ್ಲಿ ನಿಮಿಷಕ್ಕೆ ಸುಮಾರು 26 ಮಿ.ಲೀ. ಆರೋಗ್ಯವಂತ ತರುಣರಲ್ಲಿ ಅದು 100ರ ಆಸುಪಾಸಿನಲ್ಲಿರುತ್ತದೆ. ಸ್ನಾಯು ಕಡಿಮೆಯಿರುವ ದೇಹದಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ. ಹಾಗಾಗಿ ಮೂತ್ರಪಿಂಡದ ಕೆಲಸ ಕಾಲು ಭಾಗಕ್ಕೆ ಇಳಿದಿದ್ದರೂ ವರದಿಯ ಅಂಕಿ ನಿರಪಾಯವಾಗಿಯೇ ಕಾಣುತ್ತದೆ. ಅಮಿಕಾಸಿನ್ ಮೂತ್ರಪಿಂಡದ ಮೂಲಕವೇ ಹೊರಹೋಗಬೇಕಾದ ಔಷಧ. ಹೊರಹೋಗದೆ ಉಳಿದರೆ ಅದು ಮೂತ್ರಪಿಂಡವನ್ನೂ ಒಳಗಿವಿಯನ್ನೂ ಕೆಡಿಸುತ್ತದೆ, ಮತ್ತು ಕಿವಿಗೆ ಆದ ಹಾನಿ ಸಾಮಾನ್ಯವಾಗಿ ಮರಳಿ ಸರಿಹೋಗುವುದಿಲ್ಲ.

ಈ ಲೆಕ್ಕ ಆ ಔಷಧ ಬರೆದ ವೈದ್ಯರಿಗೆ ತಿಳಿಯದ್ದಲ್ಲ, ಎಂ.ಬಿ.ಬಿ.ಎಸ್. ಓದಿದ ಯಾರಿಗೂ ತಿಳಿಯದ್ದಲ್ಲ. ಆದರೆ ಅದೇ ಹೊತ್ತಿನಲ್ಲಿ ಪಕ್ಕದ ಹಾಸಿಗೆಯಲ್ಲಿ ಒಬ್ಬರಿಗೆ ಉಸಿರಾಟದ ತೊಂದರೆ, ಕ್ಯಾಜುವಲ್ಟಿಯಿಂದ ಎರಡು ಕರೆ, ಮೂವತ್ತು ಕೇಸ್ ಶೀಟುಗಳ ಹೊರೆ ಇರುವಾಗ ಕ್ಯಾಲ್ಕ್ಯುಲೇಟರ್ ಕೈಗೆತ್ತಿಕೊಳ್ಳುವವರು ಯಾರು ಎಂಬುದು ಪ್ರಶ್ನೆ. ಮಾರನೆಯ ಮುಂಜಾನೆ ರೌಂಡ್ಸ್ ಆರಂಭವಾಗುವ ಮೊದಲು ಅದನ್ನು ಮಾಡುವುದು ನನ್ನ ಉದ್ಯೋಗ. ನಾನು ಕ್ಲಿನಿಕಲ್ ಫಾರ್ಮಾಸಿಸ್ಟ್. ರೋಗಿಯ ಕಡೆಯವರು ನನ್ನನ್ನು ಕೆಳಗಿನ ಔಷಧ ಅಂಗಡಿಯಿಂದ ಬಿಲ್ಲಿನ ಬಾಕಿ ಕೇಳಲು ಬಂದವನೆಂದೇ ತಿಳಿಯುತ್ತಾರೆ, ಮತ್ತು ಅದಕ್ಕೆ ಅವರನ್ನು ದೂರುವಂತಿಲ್ಲ, ಏಕೆಂದರೆ ನಮ್ಮ ಭಾಗದಲ್ಲಿ ಫಾರ್ಮಾಸಿಸ್ಟ್ ಎಂದರೆ ಕೌಂಟರಿನ ಹಿಂದೆ ನಿಂತು ಚೀಟಿ ನೋಡಿ ಗುಳಿಗೆ ಕೊಡುವವನು ಎಂಬ ಕಲ್ಪನೆ ಬಹಳ ಗಟ್ಟಿಯಾಗಿದೆ. ನನ್ನ ಅಭಿಪ್ರಾಯದಲ್ಲಿ, ಔಷಧ ಬರೆಯುವಾಗ ಆಗುವ ತಪ್ಪುಗಳು ಕಡಿಮೆಯಾಗಬೇಕಾದರೆ ಈ ಮನುಷ್ಯ ಕೌಂಟರಿನಿಂದ ಎದ್ದು ಕೇಸ್ ಶೀಟಿನ ಪಕ್ಕಕ್ಕೆ ಬಂದು ನಿಲ್ಲಬೇಕು. ಮೊದಲ ಡೋಸ್ ರೋಗಿಯ ದೇಹ ಸೇರುವ ಮುಂಚೆ ನಿಲ್ಲಬೇಕು. ನಿಂತಮೇಲೆ ಬಾಯಿ ಬಿಡಬೇಕು. ಮೂರನೆಯದು ಎಲ್ಲಕ್ಕಿಂತ ಕಷ್ಟ, ಅದರ ವಿಚಾರಕ್ಕೆ ಮುಂದೆ ಬರುತ್ತೇನೆ.

ತಪ್ಪುಗಳ ಪ್ರಮಾಣದ ಬಗ್ಗೆ ಕಲ್ಪನೆ ಬರಬೇಕಾದರೆ ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ ಮಾಡಿಸಿದ, 2009ರಲ್ಲಿ ಹೊರಬಂದ ಅಧ್ಯಯನವನ್ನು ನೋಡಬೇಕು. ವಾಯವ್ಯ ಇಂಗ್ಲೆಂಡಿನ 19 ಆಸ್ಪತ್ರೆಗಳಲ್ಲಿ ಫಾರ್ಮಾಸಿಸ್ಟರು 1,24,260 ಔಷಧ ಆದೇಶಗಳನ್ನು ಪರಿಶೀಲಿಸಿದಾಗ 11,077 ತಪ್ಪುಗಳು ಸಿಕ್ಕವು, ಅಂದರೆ ನೂರಕ್ಕೆ 8.9. ಅಧ್ಯಯನವನ್ನು ಕೈಗೊಂಡದ್ದು ಹೊಸದಾಗಿ ಪಾಸಾಗಿ ಬಂದ ವೈದ್ಯರೇ ಹೆಚ್ಚು ತಪ್ಪು ಮಾಡುತ್ತಾರೆಯೇ, ಅವರ ಶಿಕ್ಷಣದಲ್ಲಿ ಕೊರತೆಯಿದೆಯೇ ಎಂದು ತಿಳಿಯಲು. ಕಂಡದ್ದು ಮಾತ್ರ ಬೇರೆ: ಮೊದಲ ವರ್ಷದವರಿಗಿಂತ ಎರಡನೆಯ ವರ್ಷದವರ ಪ್ರಮಾಣ ತುಸು ಹೆಚ್ಚಿತ್ತು, ಹಿರಿಯ ತಜ್ಞರ ಆದೇಶಗಳಲ್ಲಿಯೂ ನೂರಕ್ಕೆ 5.9ರಷ್ಟು ತಪ್ಪುಗಳಿದ್ದವು. ಬಹುಪಾಲು ತಪ್ಪುಗಳು ರೋಗಿಯನ್ನು ತಲುಪುವ ಮೊದಲೇ ಸಿಕ್ಕಿಬಿದ್ದವು, ಹಿಡಿದವರಲ್ಲಿ ಫಾರ್ಮಾಸಿಸ್ಟರ ಪಾಲು ದೊಡ್ಡದು. ಬರೆಯುವ ಕೈ ಎಷ್ಟೇ ಅನುಭವದ್ದಾಗಿರಲಿ, ಇನ್ನೊಂದು ಕಣ್ಣು ಅದರ ಮೇಲೆ ಬೀಳಬೇಕು ಎಂಬುದು ಇಲ್ಲಿಂದ ಹೊರಡುವ ನೇರ ತೀರ್ಮಾನ.

ಆ ಕಣ್ಣು ಎಲ್ಲಿರಬೇಕು ಎಂಬುದಕ್ಕೆ ಅಮೆರಿಕದ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನ ಒಳ್ಳೆಯ ಉತ್ತರ ಕೊಡುತ್ತದೆ. ತೀವ್ರ ನಿಗಾ ಘಟಕದ ಮುಂಜಾನೆಯ ರೌಂಡ್ಸಿನಲ್ಲಿ ಒಬ್ಬ ಹಿರಿಯ ಫಾರ್ಮಾಸಿಸ್ಟ್ ವೈದ್ಯರ ಜೊತೆಗೇ ನಡೆದರು. ಔಷಧ ಬರೆಯುವ ಹಂತದ ತಪ್ಪಿನಿಂದ ಆಗುವ, ತಡೆಯಬಹುದಾಗಿದ್ದ ಹಾನಿಗಳು ಸಾವಿರ ರೋಗಿ-ದಿನಗಳಿಗೆ (ಒಬ್ಬ ರೋಗಿ ಒಂದು ದಿನ ಇದ್ದರೆ ಒಂದು ರೋಗಿ-ದಿನ) 10.4ರಿಂದ 3.5ಕ್ಕೆ, ಅಂದರೆ ಮೂರನೇ ಎರಡರಷ್ಟು ಇಳಿದವು. ಅವರು ಔಷಧಾದೇಶಗಳ ಬಗ್ಗೆ ಕೊಟ್ಟ 366 ಸಲಹೆಗಳಲ್ಲಿ 362ನ್ನು ವೈದ್ಯರು ಒಪ್ಪಿಕೊಂಡರು. ಇಳಿಕೆಯ ಅಂಕಿಗಿಂತ ಈ ಒಪ್ಪಿಗೆಯ ಅಂಕಿಯೇ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುತ್ತದೆ. ಅದೇ ಮಾತನ್ನು ಅದೇ ಫಾರ್ಮಾಸಿಸ್ಟ್ ಮಧ್ಯಾಹ್ನ ಕೆಳಗಿನ ಮಹಡಿಯಿಂದ ಫೋನಿನಲ್ಲಿ ಹೇಳಿದ್ದರೆ ಅಷ್ಟು ಸಲೀಸಾಗಿ ಒಪ್ಪಿಗೆ ಸಿಗುತ್ತಿತ್ತೆಂದು ನಾನು ನಂಬುವುದಿಲ್ಲ. ಆಗ ಔಷಧ ಹೋಗಿಬಿಟ್ಟಿರುತ್ತದೆ, ವೈದ್ಯರು ಬೇರೆ ರೋಗಿಯ ಚಿಂತೆಯಲ್ಲಿರುತ್ತಾರೆ, ಮತ್ತು ಸಲಹೆ ದೂರಿನಂತೆ ಕೇಳಿಸುತ್ತದೆ.

ನಮ್ಮ ವಾರ್ಡುಗಳಲ್ಲಿ ತಪ್ಪು ಹುಟ್ಟುವ ಮೊದಲ ಜಾಗ ರೋಗಿ ದಾಖಲಾಗುವ ಗಳಿಗೆ. ಜಮಖಂಡಿ, ತೇರದಾಳ, ರಬಕವಿ ಕಡೆಯ ಜನರು ಹೃದಯದ ತೊಂದರೆಗೆ ಮಿರಜಿಗೋ ಸಾಂಗಲಿಗೋ ಹೋಗಿ ಬಂದಿರುತ್ತಾರೆ. ಕೆಲವರು ಬೆಳಗಾವಿಯಲ್ಲಿ ಸ್ಟೆಂಟ್ ಹಾಕಿಸಿಕೊಂಡಿರುತ್ತಾರೆ. ಸಕ್ಕರೆ ಕಾಯಿಲೆಗೆ ಊರಿನ ಡಾಕ್ಟರು, ಮೊಣಕಾಲು ನೋವಿಗೆ ಸಂತೆಯ ದಿನ ತರುವ ಇನ್ನಾವುದೋ ಗುಳಿಗೆ. ಇವೆಲ್ಲ ಒಂದು ಕ್ಯಾರಿಬ್ಯಾಗಿನಲ್ಲಿ, ಹೆಸರಿನ ಭಾಗವನ್ನೇ ಕತ್ತರಿಸಿದ ಅರ್ಧ ಪಟ್ಟಿಗಳ ರೂಪದಲ್ಲಿ, ಮರಾಠಿಯಲ್ಲಿ ಸೂಚನೆ ಬರೆದ ಒಂದು ಕಾರ್ಡಿನ ಜೊತೆ ಬರುತ್ತವೆ, ಅಥವಾ ಬರುವುದೇ ಇಲ್ಲ, ಮನೆಯ ಜಂತಿಯ ಸಂದಿಯಲ್ಲಿ ಉಳಿದಿರುತ್ತವೆ. "ಬಿ.ಪಿ. ಗುಳಿಗಿ ತಗೋತೀರೇನ್ರಿ ಅಜ್ಜಾ?" ಎಂದು ಕೇಳಿದರೆ ಹೂಂ ಎಂಬ ಉತ್ತರ ಬರುತ್ತದೆ, ಅಷ್ಟರಿಂದ ಏನೂ ತಿಳಿಯುವುದಿಲ್ಲ. "ಮುಂಜಾನೆ ಎದ್ದ ಮ್ಯಾಲೆ ಏನೇನ್ ಗುಳಿಗಿ ನುಂಗ್ತೀರಿ, ರಾತ್ರಿ ಮಲಗೂ ಮುಂದ ಏನು?" ಎಂದು ದಿನಚರಿಯ ಕ್ರಮದಲ್ಲಿ ಕೇಳಿದರೆ ಆಗ ಒಂದೊಂದಾಗಿ ಹೊರಬರುತ್ತವೆ. ನಡುವೆ ಸೊಸೆ ನೆನಪಿಸುತ್ತಾಳೆ: ವಾರಕ್ಕೊಮ್ಮೆ ನುಂಗುವ ಹಳದಿ ಗುಳಿಗೆಯೂ ಒಂದಿದೆ.

ಈ ವಿಚಾರಣೆಗೆ ಒಬ್ಬ ರೋಗಿಗೆ ಕಾಲು ಗಂಟೆಯಾದರೂ ಬೇಕು, ವೈದ್ಯರಿಗೆ ಅಷ್ಟು ಸಮಯ ಸಿಗುವುದಿಲ್ಲ. ಇಂಗ್ಲೆಂಡಿನ ಅಧ್ಯಯನದಲ್ಲಿಯೂ ದಾಖಲಾಗುವಾಗ ಹಳೆಯ ಔಷಧ ಬಿಟ್ಟುಹೋಗುವುದು ಅತಿ ಸಾಮಾನ್ಯ ತಪ್ಪುಗಳಲ್ಲಿ ಒಂದಾಗಿತ್ತು. ಶಸ್ತ್ರಚಿಕಿತ್ಸೆಗೆಂದು ಬಂದವರ ಫಿಟ್ಸಿನ ಗುಳಿಗೆ ಚಾರ್ಟಿನಲ್ಲಿ ಸೇರದಿದ್ದರೆ ಮೂರನೆಯ ದಿನ ವಾರ್ಡಿನಲ್ಲಿಯೇ ಫಿಟ್ಸ್ ಬರಬಹುದು. ಹೃದಯದ ಕವಾಟ ಬದಲಿಸಿಕೊಂಡು ರಕ್ತ ಹೆಪ್ಪುಗಟ್ಟದ ಹಾಗೆ ಅಸಿನೊಕೌಮರಾಲ್ ನುಂಗುತ್ತಿರುವವರು ಬೇಧಿಯಾಗಿ ಬಂದಾಗ ಆ ಸಂಗತಿ ಯಾರಿಗೂ ತಿಳಿಯದೆ ಮೆಟ್ರೋನಿಡಜೋಲ್ ಆರಂಭವಾದರೆ, ಅದು ಮೊದಲ ಔಷಧದ ವಿಭಜನೆಯನ್ನು ತಡೆದು ರಕ್ತಸ್ರಾವದ ಅಪಾಯವನ್ನು ಏರಿಸುತ್ತದೆ. ಎರಡೂ ಔಷಧಗಳು ತಮ್ಮಷ್ಟಕ್ಕೆ ಸರಿಯಾಗಿಯೇ ಬರೆಯಲ್ಪಟ್ಟಿರುತ್ತವೆ; ಬರೆದವರು ಇಬ್ಬರು, ಊರು ಎರಡು, ಅಷ್ಟೇ.

ಹಳದಿ ಗುಳಿಗೆಯೆಂದೆನಲ್ಲ, ಅದು ಮೆಥೋಟ್ರೆಕ್ಸೇಟ್. ಕೀಲುವಾತಕ್ಕೂ ಸೋರಿಯಾಸಿಸ್ಸಿಗೂ ಅದನ್ನು ವಾರಕ್ಕೊಮ್ಮೆ ಮಾತ್ರ ಕೊಡುತ್ತಾರೆ. ವಾರ್ಡಿನ ಡ್ರಗ್ ಚಾರ್ಟಿನಲ್ಲಿ ದಿನಕ್ಕೊಂದು ಕಲಮು ಇರುತ್ತದೆ. ಮನೆಯ ಔಷಧಗಳನ್ನು ಅವಸರದಲ್ಲಿ ಅದಕ್ಕೆ ಇಳಿಸುವಾಗ ಉಳಿದ ಗುಳಿಗೆಗಳ ಸಾಲಿನಲ್ಲಿ ಇದೂ ದಿನಕ್ಕೊಮ್ಮೆ ಎಂದು ಸೇರಿಬಿಡುತ್ತದೆ. ಸತತವಾಗಿ ದಿನವೂ ಹೋದರೆ ಬಾಯಿ ಹುಣ್ಣಾಗುತ್ತದೆ, ಅಸ್ಥಿಮಜ್ಜೆ ಕುಗ್ಗಿ ಬಿಳಿ ರಕ್ತಕಣಗಳು ಕುಸಿಯುತ್ತವೆ, ಜೀವವೇ ಹೋಗಬಹುದು. ಜಗತ್ತಿನ ಅನೇಕ ದೇಶಗಳ ಆಸ್ಪತ್ರೆಗಳಲ್ಲಿ ಮತ್ತೆ ಮತ್ತೆ ದಾಖಲಾಗಿರುವ ತಪ್ಪು ಇದು. ನಮ್ಮಲ್ಲಿ ಇದಕ್ಕೆ ಇನ್ನಷ್ಟು ಅನುಕೂಲ ಮಾಡಿಕೊಡುವ ಒಂದು ಅಭ್ಯಾಸವಿದೆ: ಮರುದಿನ ಔಷಧಗಳನ್ನು ಹೊಸದಾಗಿ ಬರೆಯದೆ, ಇದ್ದ ಚಿಕಿತ್ಸೆಯನ್ನೇ ಮುಂದುವರಿಸಿ ಎಂಬುದಕ್ಕೆ ಸಿ.ಎಸ್.ಟಿ. ಎಂಬ ಮೂರಕ್ಷರ ಹಾಕಿ ಸಹಿ ಮಾಡುವುದು. ಈ ಮೂರಕ್ಷರದ ಮೇಲೆ ನನಗಿರುವಷ್ಟು ಸಿಟ್ಟು ಕೆಟ್ಟ ಕೈಬರಹದ ಮೇಲೆಯೂ ಇಲ್ಲ. ಮೊದಲ ದಿನದ ತಪ್ಪು ಅದರಿಂದ ಏಳು ದಿನದ ತಪ್ಪಾಗುತ್ತದೆ, ಮೂರು ದಿನಕ್ಕೆಂದು ಆರಂಭಿಸಿದ ಆಂಟಿಬಯೋಟಿಕ್ ಹತ್ತನೆಯ ದಿನವೂ ಓಡುತ್ತಿರುತ್ತದೆ, ಮತ್ತು ಸಹಿ ಹಾಕಿದವರು ಪಟ್ಟಿಯನ್ನು ಓದಿದರೋ ಇಲ್ಲವೋ ಎಂಬುದು ಯಾರಿಗೂ ತಿಳಿಯುವುದಿಲ್ಲ.

ಮಕ್ಕಳ ವಾರ್ಡಿನ ಲೆಕ್ಕವೇ ಬೇರೆ. ಪ್ಯಾರಾಸಿಟಮಾಲ್ ಹನಿಗಳಲ್ಲಿ ಒಂದು ಮಿ.ಲೀ.ಗೆ 100 ಮಿ.ಗ್ರಾಂ ಇರುತ್ತದೆ, ಸಿರಪ್ಪಿನಲ್ಲಿ ಐದು ಮಿ.ಲೀ.ಗೆ 125 ಇರುವುದುಂಟು, 250 ಇರುವುದೂ ಉಂಟು. ಹತ್ತು ಕಿಲೋ ತೂಕದ ಮಗುವಿಗೆ ಕಿಲೋಗೆ 15ರಂತೆ 150 ಮಿ.ಗ್ರಾಂ ಬೇಕು. ಹನಿಗಳಾದರೆ ಅದು ಒಂದೂವರೆ ಮಿ.ಲೀ., ಮೊದಲ ಸಿರಪ್ಪಾದರೆ ಆರು, ಎರಡನೆಯದಾದರೆ ಮೂರು. ಚೀಟಿಯಲ್ಲಿ ಬರೀ "6 ಮಿ.ಲೀ." ಎಂದು ಬರೆದು, ತಾಯಿಯ ಕೈಯಲ್ಲಿರುವುದು ಹನಿಗಳ ಬಾಟಲಿಯಾಗಿದ್ದರೆ ಮಗುವಿಗೆ ನಾಲ್ಕು ಪಟ್ಟು ಔಷಧ ಹೋಗುತ್ತದೆ. ಆದ್ದರಿಂದ ಮಕ್ಕಳಿಗೆ ಬರೆಯುವಾಗ ತೂಕ, ಮಿಲಿಗ್ರಾಂ, ಮಿ.ಲೀ. ಮತ್ತು ಬಾಟಲಿಯ ಮೇಲಿನ ಸಾಂದ್ರತೆ ನಾಲ್ಕೂ ಇರಬೇಕೆಂದು ನಾವು ಪಟ್ಟು ಹಿಡಿಯುತ್ತೇವೆ.

ಕೈಬರಹದ ವಿಷಯದಲ್ಲಿ ನಿಯಮಕ್ಕೇನೂ ಕೊರತೆಯಿಲ್ಲ. ಔಷಧಗಳ ಜೆನೆರಿಕ್ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದರೆ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲಿಯೇ ತನ್ನ ನಿಯಮಾವಳಿಗೆ ತಿದ್ದುಪಡಿ ತಂದಿತು. ಬ್ರಾಂಡ್ ಹೆಸರುಗಳ ಗೊಂದಲ ಅದಕ್ಕೂ ಹಳೆಯದು. ಮಲೇರಿಯಾಕ್ಕೆ ಕೊಡುವ ಫಾಲ್ಸಿಗೋ ಮತ್ತು ಫಾಲ್ಸಿಟ್ಯಾಬ್ ಎಂಬ ಎರಡು ಹೆಸರುಗಳ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಔಷಧಗಳ ವಿಷಯದಲ್ಲಿ ಹೆಸರಿನ ಹೋಲಿಕೆಯನ್ನು ಬೇರೆ ಸರಕುಗಳಿಗಿಂತ ಹೆಚ್ಚು ಕಟ್ಟುನಿಟ್ಟಾಗಿ ಪರಿಶೀಲಿಸಬೇಕೆಂದು ಆ ನ್ಯಾಯಾಲಯ 2001ರಲ್ಲಿ ಹೇಳಿತು. ಒಂದರಲ್ಲಿದ್ದುದು ಆರ್ಟೆಸುನೇಟ್, ಇನ್ನೊಂದರಲ್ಲಿ ಮೆಫ್ಲೋಕ್ವಿನ್. ಇನ್ಸುಲಿನ್ ಪ್ರಮಾಣದ ಮುಂದೆ ಯುನಿಟ್ ಎಂಬುದನ್ನು ಇಂಗ್ಲಿಷಿನ U ಎಂಬ ಒಂದೇ ಅಕ್ಷರದಲ್ಲಿ ಬರೆದರೆ ಅದು ಸೊನ್ನೆಯಂತೆ ಕಂಡು ಹತ್ತು ನೂರಾಗಬಹುದು, 1.0 ಎಂದು ಬರೆದ ಚುಕ್ಕಿ ಕಾಣದೆ ಹತ್ತಾಗಬಹುದು. ನನ್ನ ಪೆನ್ನು ಹೆಚ್ಚು ಸವೆದಿರುವುದು ಇವನ್ನು ತಿದ್ದಿಸುವುದರಲ್ಲಿಯೇ.

ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರವು ಸರ್ಕಾರಿ ವೈದ್ಯರು ಕನ್ನಡದಲ್ಲಿ ಔಷಧ ಚೀಟಿ ಬರೆಯಬೇಕೆಂದು ಸರ್ಕಾರವನ್ನು ಕೇಳಿದಾಗ ನಮ್ಮ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ದೊಡ್ಡ ವಾದವೇ ನಡೆಯಿತು. ಔಷಧದ ಹೆಸರು ಎಲ್ಲರೂ ಒಂದೇ ರೀತಿ ಕಾಗುಣಿತ ಮಾಡುವ ಲಿಪಿಯಲ್ಲಿಯೇ ಇರಲಿ, ಅದರಲ್ಲಿ ಪ್ರಯೋಗ ಬೇಡ ಎಂಬುದು ನನ್ನ ನಿಲುವು. ಆದರೆ ಯಾವಾಗ, ಎಷ್ಟು, ಊಟದ ಮೊದಲೋ ನಂತರವೋ, ಎಷ್ಟು ದಿನ ಎಂಬುದು ಕನ್ನಡದಲ್ಲಿಯೇ ಇರಬೇಕು, ಬೆಳಗಾವಿ ಗಡಿಯಲ್ಲಿ ಬೇಕಾದವರಿಗೆ ಮರಾಠಿಯಲ್ಲಿಯೂ ಇರಬೇಕು. ಅದನ್ನು ಬರೆಯುವ ಕೆಲಸವನ್ನು ಫಾರ್ಮಾಸಿಸ್ಟರು ಹೊತ್ತುಕೊಂಡರೆ ವೈದ್ಯರು ಬೇಡವೆನ್ನಲಾರರು.

ಇನ್ನು ಬಾಯಿ ಬಿಡುವ ವಿಚಾರ. ಆಸ್ಪತ್ರೆಯೊಳಗೆ ಏಣಿಶ್ರೇಣಿ ಗಟ್ಟಿಯಾಗಿದೆ. ಪ್ರಾಧ್ಯಾಪಕರು ಬರೆದುದನ್ನು ಪಿ.ಜಿ. ವಿದ್ಯಾರ್ಥಿ ಪ್ರಶ್ನಿಸುವುದಿಲ್ಲ, ಪಿ.ಜಿ. ಬರೆದುದನ್ನು ಸಿಸ್ಟರ್ ಪ್ರಶ್ನಿಸಿದರೂ ಮೆಲ್ಲಗೆ. ಅಲ್ಲಿ ಬಿಳಿ ಕೋಟು ಹಾಕಿಕೊಂಡ, ವೈದ್ಯನಲ್ಲದ ಒಬ್ಬ ಬಂದು ರೋಗಿಯ ಮಕ್ಕಳೆದುರು "ಇದು ತಪ್ಪು" ಎಂದರೆ ಅದು ಸರಿಯಾದ ಮಾತಾಗಿದ್ದರೂ ಆ ವಾರ್ಡಿನ ಬಾಗಿಲು ಅವನಿಗೆ ಮುಚ್ಚಿತೆಂದೇ ಅರ್ಥ. ಹಾಸಿಗೆಯಿಂದ ನಾಲ್ಕು ಹೆಜ್ಜೆ ಈಚೆಗೆ, ನರ್ಸಿಂಗ್ ಸ್ಟೇಷನ್ನಿನ ಹತ್ತಿರ, ಕೇಸ್ ಶೀಟು ಕೈಯಲ್ಲಿ ಹಿಡಿದು ಹೇಳಿದರೆ ಅದೇ ಮಾತು ನಡೆಯುತ್ತದೆ. "ಸರ್, ಅಮಿಕಾಸಿನ್ ಬಗ್ಗೆ ಕೇಳೋದಿತ್ತು. ತೂಕ ನಲವತ್ತು ಐತಿ, ಕ್ಲಿಯರೆನ್ಸ್ ಇಪ್ಪತ್ತಾರು ಬರತೈತಿ. ಒಂದು ಡೋಸ್ ಆಗೈತಿ. ನಾಳಿ ಕ್ರಿಯಾಟಿನಿನ್ ನೋಡಿ ಮುಂದಿಂದು ಹಾಕೋಣೇನ್ರಿ, ಇಲ್ಲಾ ಬೇರೆ ಆಂಟಿಬಯೋಟಿಕ್‌ಗೆ ಬದಲಿ ಮಾಡ್ತೀರೇನು?" ಇದರಲ್ಲಿ ತಪ್ಪೆಂಬ ಶಬ್ದವಿಲ್ಲ, ಅಂಕಿಗಳಿವೆ, ಎರಡು ದಾರಿಗಳಿವೆ, ನಿರ್ಧಾರ ವೈದ್ಯರದ್ದೇ ಆಗಿ ಉಳಿದಿದೆ. ಕೆಲವೊಮ್ಮೆ ಅವರು ಒಪ್ಪುವುದಿಲ್ಲ, ಅದಕ್ಕೆ ಒಳ್ಳೆಯ ಕಾರಣವೂ ಇರುತ್ತದೆ: ಕ್ರಿಯಾಟಿನಿನ್ ಗಂಟೆಗಂಟೆಗೆ ಏರಿಳಿಯುತ್ತಿರುವ ರೋಗಿಯಲ್ಲಿ ಆ ಸೂತ್ರ ನಂಬಲರ್ಹವಲ್ಲ, ಮತ್ತು ಸೋಂಕು ನಂಜಾಗುತ್ತಿರುವಾಗ ಮೊದಲ ಡೋಸನ್ನು ಕಡಿಮೆ ಮಾಡುವುದು ಅಪಾಯ. ಪುಸ್ತಕದ ಮಿತಿಯನ್ನೇ ಹಿಡಿದು ಎಲ್ಲದಕ್ಕೂ ಆಕ್ಷೇಪ ಎತ್ತುವ ಫಾರ್ಮಾಸಿಸ್ಟನ ಮಾತು ಬೇಗ ಬೆಲೆ ಕಳೆದುಕೊಳ್ಳುತ್ತದೆ. ಕಂಪ್ಯೂಟರಿನ ತೆರೆಯ ಮೇಲೆ ಸಣ್ಣ ಪುಟ್ಟದಕ್ಕೂ ಬರುವ ಎಚ್ಚರಿಕೆಗಳನ್ನು ಓದದೆಯೇ ಮುಚ್ಚುವ ಹಾಗೆ ವೈದ್ಯರು ಅವನನ್ನೂ ಮುಚ್ಚಿಬಿಡುತ್ತಾರೆ.

ಆದರೆ ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಇದಕ್ಕೆ ವಿರುದ್ಧವಾದದ್ದು, ಹೇಳದೇ ಇರುವುದು. ದೇಶದಲ್ಲಿ ಫಾರ್ಮ್.ಡಿ. (ಡಾಕ್ಟರ್ ಆಫ್ ಫಾರ್ಮಸಿ) ಪದವಿ 2008ರ ನಿಯಮಗಳೊಂದಿಗೆ ಬಂದಿತು. ಐದು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಕಡೆ ವೈದ್ಯಕೀಯ ಕಾಲೇಜುಗಳಿವೆ, ಅವುಗಳ ಆಸ್ಪತ್ರೆಗಳ ಜೊತೆಗೆ ಫಾರ್ಮಸಿ ಕಾಲೇಜುಗಳೂ ಇವೆ. ಹೀಗಾಗಿ ವಾರ್ಡುಗಳಲ್ಲಿ ಕೇಸ್ ಶೀಟು ಓದುವ ತರುಣ ತರುಣಿಯರ ಕೊರತೆ ನಮ್ಮ ಭಾಗದಲ್ಲಿಲ್ಲ. ಅವರು ತಪ್ಪುಗಳನ್ನು ಹಿಡಿಯುತ್ತಾರೆ, ಚೆನ್ನಾಗಿಯೇ ಹಿಡಿಯುತ್ತಾರೆ. ಹಿಡಿದುದನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡು, ಆರು ತಿಂಗಳ ಲೆಕ್ಕ ಕೂಡಿಸಿ, ಪ್ರಾಜೆಕ್ಟಿನ ಕೋಷ್ಟಕ ಮಾಡಿ, ಪತ್ರಿಕೆಯೊಂದಕ್ಕೆ ಲೇಖನ ಕಳಿಸುತ್ತಾರೆ. ಒಟ್ಟಿಗೆ ಕೊಟ್ಟರೆ ಹಾನಿ ಮಾಡಬಲ್ಲ ಔಷಧ ಜೋಡಿಗಳು ಎಷ್ಟು ಕಂಡವು ಎಂಬ ಸಂಖ್ಯೆ ಆ ಲೇಖನದಲ್ಲಿರುತ್ತದೆ. ಅವುಗಳಲ್ಲಿ ಎಷ್ಟನ್ನು ಅದೇ ದಿನ ವೈದ್ಯರಿಗೆ ತಿಳಿಸಲಾಯಿತು ಎಂಬ ಸಾಲನ್ನು ನಾನು ಹುಡುಕುತ್ತೇನೆ, ಅನೇಕ ಸಲ ಸಿಗುವುದಿಲ್ಲ. ರೋಗಿಯನ್ನು ಎದುರಿಗಿಟ್ಟುಕೊಂಡು ಅವನಿಗಾಗುವ ಹಾನಿಯನ್ನು ಅಂಕಿಯಾಗಿ ಮಾತ್ರ ದಾಖಲಿಸುವುದು ಸರಿಯಾದ ಸಂಶೋಧನೆಯೆಂದು ನನಗೆ ಅನಿಸುವುದಿಲ್ಲ. ಇದರಲ್ಲಿ ವಿದ್ಯಾರ್ಥಿಗಳ ದೋಷ ಕಡಿಮೆ, ಮಾರ್ಗದರ್ಶಕರಾದ ನಮ್ಮಂಥವರ ದೋಷ ಹೆಚ್ಚು: ತೋರಿಸಿಕೊಟ್ಟರೆ ತಾನೆ ಅವರು ಮಾತಾಡುವುದು.

ಸರ್ಕಾರಿ ಆಸ್ಪತ್ರೆಗಳಲ್ಲಿ ಸಮಸ್ಯೆಯ ಸ್ವರೂಪವೇ ಬೇರೆ. ಅಲ್ಲಿನ ಫಾರ್ಮಸಿ ಅಧಿಕಾರಿಗಳು ಇಂಡೆಂಟ್ ಹಾಕಬೇಕು, ದಾಸ್ತಾನು ಎಣಿಸಬೇಕು, ಅವಧಿ ಮುಗಿಯುವ ಔಷಧ ನೋಡಿಕೊಳ್ಳಬೇಕು, ಕಂಪ್ಯೂಟರಿಗೆ ಲೆಕ್ಕ ತುಂಬಬೇಕು, ಹೊರರೋಗಿಗಳ ಸಾಲನ್ನೂ ಕರಗಿಸಬೇಕು. ಅವರನ್ನು ವಾರ್ಡಿಗೆ ಬನ್ನಿ ಎನ್ನುವುದು ಹಾಸ್ಯವಾದೀತು. ಚೀಟಿಯನ್ನು ಪರಿಶೀಲಿಸುವುದು, ರೋಗಿಗೆ ತಿಳಿಹೇಳುವುದು ಫಾರ್ಮಾಸಿಸ್ಟನ ಕರ್ತವ್ಯವೆಂದು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ಹೇಳುತ್ತವೆ, ಆದರೆ ಕರ್ತವ್ಯ ಸೇರಿಸಿದಷ್ಟು ಸುಲಭವಾಗಿ ಹುದ್ದೆಗಳು ಸೇರುವುದಿಲ್ಲ. ಎಲ್ಲ ವಾರ್ಡುಗಳಿಗೂ ಆಗದಿದ್ದರೆ ತೀವ್ರ ನಿಗಾ ಘಟಕ, ಮಕ್ಕಳ ವಾರ್ಡು, ಮತ್ತು ಮೂತ್ರಪಿಂಡದ ರೋಗಿಗಳು ಹೆಚ್ಚಿರುವ ಮೆಡಿಸಿನ್ ವಾರ್ಡಿಗೆ ಮೊದಲು ಒಬ್ಬೊಬ್ಬರನ್ನು ಕೊಟ್ಟರೆ ಸಾಕು. ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಕ್ಲೋರೈಡ್, ಅಮಿಕಾಸಿನ್‌ನಂಥ ಅಪಾಯಕಾರಿ ಔಷಧಗಳ ಬಹುಪಾಲು ಅಲ್ಲಿಯೇ ಬಳಕೆಯಾಗುತ್ತದೆ.

ಕಂಪ್ಯೂಟರಿನಲ್ಲಿ ಔಷಧ ಬರೆಯುವ ಪದ್ಧತಿ ಬಂದರೆ ಇದೆಲ್ಲ ಬೇಕಿಲ್ಲ ಎನ್ನುವವರಿದ್ದಾರೆ. ಕೈಬರಹದ ತೊಂದರೆ ಅದರಿಂದ ಹೋಗುತ್ತದೆ, ನಿಜ. ಪಟ್ಟಿಯಲ್ಲಿ ಡೋಪಮಿನ್ನಿನ ಹತ್ತಿರವೇ ಇರುವ, ಬೇರೆಯೇ ಔಷಧವಾದ ಡೋಬ್ಯುಟಮಿನ್ ಮೇಲೆ ಬೆರಳು ಬೀಳುವ ಹೊಸ ತೊಂದರೆ ಬರುತ್ತದೆ. ಅಜ್ಜನ ಕ್ಯಾರಿಬ್ಯಾಗನ್ನಂತೂ ಯಂತ್ರ ಬಿಚ್ಚಿ ನೋಡುವುದಿಲ್ಲ.

ಬಿಡುಗಡೆಯ ದಿನ ಮತ್ತೊಮ್ಮೆ ಅದೇ ಚೀಲಕ್ಕೆ ಬರಬೇಕಾಗುತ್ತದೆ. ಡಿಸ್ಚಾರ್ಜ್ ಕಾರ್ಡಿನಲ್ಲಿ ಬಿ.ಪಿ. ಗುಳಿಗೆಯಾದ ಟೆಲ್ಮಿಸಾರ್ಟನ್ ಒಂದು ಕಂಪನಿಯ ಹೆಸರಿನಲ್ಲಿ ಬರೆದಿರುತ್ತದೆ, ಮನೆಯಲ್ಲಿ ಅದೇ ಟೆಲ್ಮಿಸಾರ್ಟನ್ ಬೇರೊಂದು ಹೆಸರಿನಲ್ಲಿ ಉಳಿದಿರುತ್ತದೆ. ಹಣ ಕೊಟ್ಟು ತಂದ ಗುಳಿಗೆಯನ್ನು ಚೆಲ್ಲಲು ಮನಸ್ಸಾಗದೆ ರೋಗಿ ಎರಡನ್ನೂ ನುಂಗುತ್ತಾರೆ, ರಕ್ತದೊತ್ತಡ ಇಳಿದು ಬಿದ್ದು ಮರಳಿ ಬರುತ್ತಾರೆ. ಏನನ್ನು ನುಂಗಬೇಕು ಎಂದು ಕಾರ್ಡು ಹೇಳುತ್ತದೆ, ಏನನ್ನು ನುಂಗಬಾರದು ಎಂದು ಹೇಳುವುದಿಲ್ಲ. ನಮ್ಮ ಔಷಧ ಸಮಿತಿಯ ಸಭೆಯಲ್ಲಿ ಬಹಳ ಚರ್ಚೆಯಾದ ಮೇಲೆ ಕಾರ್ಡಿನ ಕೆಳಭಾಗದಲ್ಲಿ "ನಿಲ್ಲಿಸಿದ ಔಷಧಗಳು" ಎಂಬ ಒಂದು ಅಂಕಣವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದ್ದೇವೆ. ಮೆಡಿಸಿನ್ ವಿಭಾಗದವರು ಅದನ್ನು ತುಂಬುತ್ತಾರೆ, ಮಕ್ಕಳ ವಿಭಾಗಕ್ಕೆ ಅದರ ಅಗತ್ಯ ಕಡಿಮೆ, ಶಸ್ತ್ರಚಿಕಿತ್ಸಾ ವಿಭಾಗದ ಕಾರ್ಡುಗಳಲ್ಲಿ ಅದು ಇನ್ನೂ ಖಾಲಿಯೇ ಬರುತ್ತಿದೆ. ಅಲ್ಲಿ ಬಿಡುಗಡೆಗಳು ಮಧ್ಯಾಹ್ನದ ಹೊತ್ತಿಗೆ ಒಮ್ಮೆಲೇ ಆಗುವುದರಿಂದ, ಆ ಎರಡು ಗಂಟೆ ನಮ್ಮ ಇಂಟರ್ನ್‌ಗಳಲ್ಲಿ ಒಬ್ಬರನ್ನು ಅಲ್ಲಿಯೇ ಕೂರಿಸಬೇಕೆಂದು ಮುಂದಿನ ಸಭೆಗೆ ಟಿಪ್ಪಣಿ ಬರೆದಿಟ್ಟಿದ್ದೇನೆ.